ಹಂಪಿಗೆ ಬಂದ ಹೆರಾತಿನ ರಾಯಭಾರಿ

ವಿದೇಶಾಂಗ ನೀತಿಯ ಬಗ್ಗೆ ವಿಚಾರ ಸಂಕಿರಣ ಎಂದರೆ ದೆಹಲಿಯಲ್ಲಿ, ಹೆಚ್ಚೆಂದರೆ ಬೆಂಗಳೂರಿನಲ್ಲಿ ನಡೆಯಬೇಕು ಎಂಬ ರೂಢಿಯಿದೆ. ಹೊಸಪೇಟೆ, ಕಂಪ್ಲಿ, ಸಂಡೂರು, ಮೆಟ್ರಿ ಕಡೆಯಿಂದ ಹಂಪಿಯ ಈ ಸಂಕಿರಣಕ್ಕೆ ಬಂದು ಕೂತಿರುವ ವಿದ್ಯಾರ್ಥಿಗಳು ಅದನ್ನು ಒಪ್ಪಬೇಕಾಗಿಲ್ಲ. 1443ರ ಏಪ್ರಿಲ್ ಕೊನೆಯ ಹೊತ್ತಿಗೆ, ಇಂದಿನ ಅಫ್ಘಾನಿಸ್ತಾನದ ಹೆರಾತಿನಿಂದ ಹೊರಟಿದ್ದ ರಾಯಭಾರಿಯೊಬ್ಬ ವಿಜಯನಗರ ತಲುಪಿದ. ಏಳು ತಿಂಗಳು ಇಲ್ಲೇ ಇದ್ದ, ಕಂಡದ್ದನ್ನೆಲ್ಲ ಬರೆದಿಟ್ಟ. ಅವನೇ ಅಬ್ದುಲ್ ರಜಾಕ್.

ಶಾಲೆಯ ಪಠ್ಯಗಳು ಅವನನ್ನು ನಿಕೊಲೊ ಕೊಂಟಿ, ಡೊಮಿಂಗೊ ಪಾಯಸ್ ಅವರ ಸಾಲಿನಲ್ಲಿ ಕೂರಿಸಿ ‘ವಿದೇಶಿ ಪ್ರವಾಸಿ’ ಎಂದು ಕರೆದು ಮುಗಿಸುತ್ತವೆ. ಇಂಥ ನಗರವನ್ನು ಕಣ್ಣು ಕಂಡಿಲ್ಲ, ಕಿವಿ ಕೇಳಿಲ್ಲ ಎಂಬ ಅವನ ಹೊಗಳಿಕೆಯೂ ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಸವೆದುಹೋಗಿದೆ. ಆದರೆ ಅವನು ಊರು ನೋಡಲು ಬಂದವನಲ್ಲ, ಸರ್ಕಾರಿ ಕೆಲಸದ ಮೇಲೆ ಬಂದವನು. ಅವನನ್ನು ಹಾಗೆ ಓದಿದರೆ ಸಿಗುವ ಹಂಪಿಯೇ ಬೇರೆ.

1413ರಲ್ಲಿ ಹೆರಾತಿನಲ್ಲಿ ಹುಟ್ಟಿದ ರಜಾಕ್, ತೈಮೂರನ ಮಗ ಷಾ ರುಖ್‌ನ ಆಸ್ಥಾನದ ಖಾಜಿಯೊಬ್ಬನ ಮಗ. ತಂದೆ ತೀರಿಕೊಂಡ ಮೇಲೆ ಅರಬ್ಬಿ ವ್ಯಾಕರಣ ಗ್ರಂಥವೊಂದಕ್ಕೆ ವ್ಯಾಖ್ಯಾನ ಬರೆದು, ದೊರೆಗೆ ಅರ್ಪಿಸಿ ಸೇವೆಗೆ ಸೇರಿದ. (ವಿದ್ವತ್ತು ನೌಕರಿ ಕೊಡಿಸುತ್ತಿದ್ದ ಕಾಲವೂ ಒಂದಿತ್ತು!) 1442ರ ಜನವರಿಯಲ್ಲಿ ಅವನನ್ನು ಕಳಿಸಿದ್ದು ಕಲ್ಲಿಕೋಟೆಯ ಅರಸ ಸಾಮೂದಿರಿಯ ಬಳಿಗೆ. ಹೊರ್ಮುಜ್ ಬಂದರಿನಲ್ಲಿ ತಡವಾಗಿ ಮಳೆಗಾಲದ ಗಾಳಿ ತಪ್ಪಿಹೋಯಿತು. ಒಮಾನಿನ ಕರಾವಳಿಯ ಬಿಸಿಲಲ್ಲಿ ತಿಂಗಳುಗಟ್ಟಲೆ ಬೇಯಬೇಕಾಯಿತು. ಜೊತೆಗಿದ್ದ ಅಣ್ಣ ದಾರಿಯಲ್ಲೇ ತೀರಿಕೊಂಡ. ಇಷ್ಟೆಲ್ಲ ಪಟ್ಟು ಕಲ್ಲಿಕೋಟೆ ಮುಟ್ಟಿದರೆ ಸಾಮೂದಿರಿ ಅವನಿಗೆ ಅಂಥ ಮರ್ಯಾದೆಯನ್ನೇನೂ ತೋರಲಿಲ್ಲ. ರಾಯಭಾರ ಹೆಚ್ಚುಕಡಿಮೆ ಸೋತೇಹೋಗಿತ್ತು. ಅಷ್ಟರಲ್ಲಿ ವಿಜಯನಗರದ ಅರಸ ಪ್ರೌಢದೇವರಾಯನಿಂದ ಕರೆ ಬಂತು: ಆ ರಾಯಭಾರಿಯನ್ನು ಇತ್ತ ಕಳಿಸಿ.

ಮಂಗಳೂರಿನವರೆಗೆ ಹಡಗಿನಲ್ಲಿ, ಅಲ್ಲಿಂದ ಘಟ್ಟ ಹತ್ತಿ ಬಂದವನಿಗೆ ಇಲ್ಲಿ ಕಂಡದ್ದು ಒಂದರೊಳಗೊಂದು ಏಳು ಕೋಟೆ. ಅರಮನೆಯ ಹತ್ತಿರದ ಕಚೇರಿಗೂ ಅವನು ಹೋದ. ಕರಣಿಕರು ಓಲೆಗರಿಯ ಮೇಲೆ ಕಬ್ಬಿಣದ ಕಂಠದಿಂದ ಕೊರೆಯುತ್ತಿದ್ದರು. ಕಪ್ಪು ಬಳಿದ ಹಾಳೆಯ ಮೇಲೆ ಮೆತುಗಲ್ಲಿನ ಕಡ್ಡಿಯಿಂದಲೂ ಬರೆಯುತ್ತಿದ್ದರು, ಈ ಎರಡನೆಯದು ಬಹುಕಾಲ ಬಾಳುತ್ತದೆ ಎಂದು ಅವನು ಗುರುತು ಹಾಕಿಕೊಂಡ. ಕನ್ನಡನಾಡಿನ ಶಾನುಭೋಗರ ಮನೆಗಳಲ್ಲಿದ್ದ ಕಡತ, ಬಳಪ ಇವೇ. ಮುತ್ತುರತ್ನಗಳ ಬಣ್ಣನೆಗಿಂತ ಈ ಎರಡು ಸಾಲು ಹೆಚ್ಚು ಬೆಲೆಯವು. ದಫ್ತರು ಹೇಗಿದೆ ಎಂದು ನೋಡುವುದು ಅಧಿಕಾರಿಯ ಕಣ್ಣು.

ಅರಸನ ಭೇಟಿಯೂ ಅಷ್ಟೇ ಸ್ಪಷ್ಟವಾಗಿ ದಾಖಲಾಗಿದೆ. ರಜಾಕ್ ಒಪ್ಪಿಸಿದ್ದು ಐದು ಕುದುರೆ, ಎರಡು ಹರಿವಾಣದ ತುಂಬ ರೇಷ್ಮೆ ಜವಳಿ. ಹಸಿರು ಉಡುಪಿನ ತರುಣ ದೊರೆ ದುಭಾಷಿಯ ಮೂಲಕ ಮಾತಾಡಿಸಿದ. ಹೆರಾತಿನ ದಪ್ಪ ನಿಲುವಂಗಿಯಲ್ಲಿ ರಾಯಭಾರಿ ಬೆವರುತ್ತಿದ್ದುದನ್ನು ಕಂಡು ತನ್ನ ಕೈಯಲ್ಲಿದ್ದ ಬೀಸಣಿಗೆಯನ್ನೇ ಕೊಟ್ಟ. ಬಳ್ಳಾರಿ ಸೀಮೆಯ ಮೇ ತಿಂಗಳು ಬಲ್ಲವರಿಗೆ ಆ ಉಡುಗೊರೆಯ ಬೆಲೆ ಗೊತ್ತು. ಬಿಡಾರಕ್ಕೆ ದಿನಾ ಎರಡು ಕುರಿ, ನಾಲ್ಕು ಜೊತೆ ಕೋಳಿ, ಐದು ಮಣ ಅಕ್ಕಿ, ಒಂದೊಂದು ಮಣ ಬೆಣ್ಣೆ, ಸಕ್ಕರೆ, ಕೈಖರ್ಚಿಗೆ ಎರಡು ವರಹ. ವಾರಕ್ಕೆರಡು ಸಂಜೆ ಅರಮನೆಯಿಂದ ಕರೆ. ಅಲ್ಲಿ ದೊರೆ ಕೇಳುತ್ತಿದ್ದುದು ಷಾ ರುಖ್‌ನ ಸೈನ್ಯವೆಷ್ಟು, ಕುದುರೆಗಳೆಷ್ಟು, ಸಮರ್ಕಂದ, ಹೆರಾತ್ ಎಂಥ ಊರುಗಳು ಎಂದು. ಅದನ್ನು ಬರೀ ಅತಿಥಿಸತ್ಕಾರ ಎನ್ನುವುದು ಮುಗ್ಧತನ. ಬಹಮನಿಗಳ ಜೊತೆ ಕಾದಾಡುತ್ತಿದ್ದ ರಾಜ್ಯಕ್ಕೆ ಕಡಲಾಚೆಯ ಕುದುರೆ ಬೇಕೇಬೇಕಿತ್ತು. ಕುದುರೆ ಬರುತ್ತಿದ್ದುದು ಹೊರ್ಮುಜ್ ದಾರಿಯಲ್ಲಿ.

ಕಿಡಿ ಹಚ್ಚಿದವರೂ ಹೊರ್ಮುಜಿನವರೇ. ಇವನು ನಿಜವಾದ ರಾಯಭಾರಿಯಲ್ಲ, ಯಾರೋ ವ್ಯಾಪಾರಿ ಎಂದು ಅವರು ಅರಮನೆಯ ಕಿವಿಗೆ ಹಾಕಿದರು. ಎರಡು ಆಸ್ಥಾನಗಳು ನೇರವಾಗಿ ಮಾತಾಡಿಕೊಂಡರೆ ನಡುವಿನ ದಲ್ಲಾಳಿಗೆ ನಷ್ಟ ತಾನೇ? ದಂಡನಾಯಕ ಗುಲ್ಬರ್ಗದ ಕಡೆ ದಂಡೆತ್ತಿ ಹೋಗಿದ್ದ ಹೊತ್ತಿನಲ್ಲಿ ಅವನ ಜಾಗದಲ್ಲಿದ್ದ ಅಧಿಕಾರಿ ರಜಾಕನ ಪಡಿಯನ್ನೂ ನಿಲ್ಲಿಸಿದ. ಆದರೂ ಬೀಳ್ಕೊಡುವಾಗ ದೇವರಾಯ ಸಂಬಂಧ ಕಡಿದುಕೊಳ್ಳಲಿಲ್ಲ. ತನ್ನ ಕಡೆಯ ರಾಯಭಾರಿಗಳನ್ನು ಜೊತೆಗೆ ಕಳಿಸಿದ. ಅದಕ್ಕಾಗಿ ಅವನು ಆರಿಸಿದ್ದು ಹೆರಾತ್ ಇರುವ ಖುರಾಸಾನ್ ಸೀಮೆಯ ಮೂಲದ ಮುಸ್ಲಿಮರಾದ ಖ್ವಾಜಾ ಮಸೂದ್, ಖ್ವಾಜಾ ಮಹಮ್ಮದ್ ಅವರನ್ನು. ಆ ನಾಡಿನ ಭಾಷೆ ಬಲ್ಲವರನ್ನೇ ಅಲ್ಲಿಗೆ ಕಳಿಸುವ ಈ ಜಾಣತನ ಆಕಸ್ಮಿಕವಲ್ಲ. ಅದೇ ದೊರೆಯ ಅಧಿಕಾರಿ ಅಹಮದ್ ಖಾನ್ 1439ರಲ್ಲಿ ಕನ್ನಡ ಶಾಸನ ಹಾಕಿಸಿ ಕಟ್ಟಿಸಿದ ಧರ್ಮಶಾಲೆ ಹಂಪಿಯಲ್ಲಿ ಇವತ್ತಿಗೂ ನಿಂತಿದೆ.

1444ರ ಆರಂಭದಲ್ಲಿ ಹೊನ್ನಾವರದಿಂದ ಹಡಗು ಹತ್ತಿದ ರಜಾಕ್ ಮುಂದೆ ಗಿಲಾನ್‌ಗೂ ರಾಯಭಾರ ಹೋದ. 1463ರಲ್ಲಿ ಹೆರಾತಿನ ಖಾನ್‌ಖಾಹಿನ, ಅಂದರೆ ಸೂಫಿ ಮಠದ, ಮುಖ್ಯಸ್ಥನಾದ. ಹಂಪಿಯ ವಿವರವುಳ್ಳ, 1304ರಿಂದ 1470ರವರೆಗಿನ ಅವನ ಪಾರಸಿ ಇತಿಹಾಸ ಮುಗಿದದ್ದು ಇಲ್ಲಿಂದ ಹೋಗಿ ಕಾಲು ಶತಮಾನ ಕಳೆದ ಮೇಲೆ. 1482ರಲ್ಲಿ ಅವನು ತೀರಿಕೊಂಡ. ಇಷ್ಟು ತಡವಾಗಿ ಮುಗಿಸಿದ ಬರಹವಾದ್ದರಿಂದ ಅವನ ಮಾತನ್ನೆಲ್ಲ ಕಣ್ಣು ಮುಚ್ಚಿ ನಂಬಬೇಕಿಲ್ಲ. ಒಲ್ಲದ ಮನಸ್ಸಿನಿಂದ ಬಂದವನು, ತನ್ನ ದೊರೆಯ ಘನತೆ ಎತ್ತಿಹಿಡಿಯಬೇಕಾದವನು, ಅವಮಾನ ಉಂಡವನು ಬರೆದದ್ದು ಅದು.

ಇಲ್ಲಿಯವರೆಗೆ ನಾವು ಅವನನ್ನು ಓದಿದ್ದು ಬಹುಮಟ್ಟಿಗೆ ಇಂಗ್ಲಿಷಿನ ಮೂಲಕ, 1857ರ ಹಕ್ಲೂಯ್ಟ್ ಸೊಸೈಟಿಯ ಪುಸ್ತಕದಿಂದ, 1900ರ ರಾಬರ್ಟ್ ಸೀವೆಲ್‌ನ ಪುಸ್ತಕದಿಂದ. ಈ ಸಂಕಿರಣದಲ್ಲಿ ಪ್ರಬಂಧ ಮಂಡಿಸುವವರು ಅವನ ಪುಟಗಳನ್ನು ದೇವರಾಯನ ಕಾಲದ ಶಾಸನಗಳ ಪಕ್ಕದಲ್ಲಿಟ್ಟು ನೋಡಲಿ. ಕೂತಿರುವ ವಿದ್ಯಾರ್ಥಿಗಳಲ್ಲಿ ಒಬ್ಬರಾದರೂ ಪಾರಸಿ ಕಲಿಯಲು ಮುಂದೆ ಬರಲಿ.