ವಿದುರಾಶ್ವತ್ಥದ ಬಲಿದಾನ ಮತ್ತು ಗ್ರಾಮಸಭೆಯ ಹೊಣೆ

(ಬಬಲೇಶ್ವರದಲ್ಲಿ ಗ್ರಾಮ ಪಂಚಾಯತಿ ಸದಸ್ಯರು ಹಾಗೂ ಸಿಬ್ಬಂದಿಯ ಸಭೆಯಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯೊಬ್ಬರು ಮಾಡಿದ ಉಪನ್ಯಾಸದ ಪಠ್ಯ)



ಪ್ರತಿ ವರ್ಷ ಆಗಸ್ಟ್ 15 ಹಾಗೂ ಜನವರಿ 26ರಂದು ನಮ್ಮ ಪಂಚಾಯತಿ ಕಾರ್ಯಾಲಯಗಳ ಮುಂದೆ ತ್ರಿವರ್ಣ ಧ್ವಜವನ್ನು ಏರಿಸುತ್ತೇವೆ. 1938ರಲ್ಲಿ ಇದೇ ಕನ್ನಡ ನಾಡಿನ ಒಂದು ಭಾಗದಲ್ಲಿ ತ್ರಿವರ್ಣ ಧ್ವಜವನ್ನು ಏರಿಸಹೊರಟ ರೈತಾಪಿ ಜನರು ಗುಂಡಿಗೆ ಬಲಿಯಾದರು. ಆ ಸ್ಥಳವೇ ವಿದುರಾಶ್ವತ್ಥ.

ಅಂದು ಕನ್ನಡಿಗರು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರು. ನಮ್ಮ ವಿಜಾಪುರ ಜಿಲ್ಲೆ ಬ್ರಿಟಿಷರ ನೇರ ಆಳ್ವಿಕೆಯ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1937ರ ಚುನಾವಣೆಯ ಬಳಿಕ ಅಲ್ಲಿ ಬಿ.ಜಿ. ಖೇರ್ ಅವರ ಕಾಂಗ್ರೆಸ್ ಮಂತ್ರಿಮಂಡಲವೇ ಅಧಿಕಾರದಲ್ಲಿತ್ತು. ಆದರೆ ದೇಶೀಯ ಅರಸರ ಮೈಸೂರು ಸಂಸ್ಥಾನದಲ್ಲಿ, ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಆಡಳಿತ ಕಾಂಗ್ರೆಸ್ಸಿನ ಧ್ವಜಾರೋಹಣಕ್ಕೆ ನಿರ್ಬಂಧ ಹೇರಿತ್ತು. 1938ರ ಏಪ್ರಿಲ್ 11ರಂದು ಮದ್ದೂರು ಸಮೀಪದ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಸೇರಿದ ಮೈಸೂರು ಕಾಂಗ್ರೆಸ್ ಅಧಿವೇಶನ ಆ ನಿರ್ಬಂಧವನ್ನು ಮೀರಿತು. ಮುಖಂಡರ ಬಂಧನದ ನಂತರ ಧ್ವಜ ಸತ್ಯಾಗ್ರಹ ಊರಿಂದೂರಿಗೆ ಹಬ್ಬಿತು.

ಎರಡು ವಾರಗಳ ಬಳಿಕ, ಏಪ್ರಿಲ್ 25ರಂದು, ಆಗಿನ ಕೋಲಾರ ಜಿಲ್ಲೆಯ ಗೌರಿಬಿದನೂರು ತಾಲೂಕಿನ ವಿದುರಾಶ್ವತ್ಥದಲ್ಲಿ ನಿಷೇಧಾಜ್ಞೆಯ ನಡುವೆಯೂ ಸಾವಿರಾರು ಜನ ಸೇರಿದರು. ಪೊಲೀಸರು ಗುಂಡು ಹಾರಿಸಿದರು. ಮಡಿದವರು ಸುಮಾರು ಹತ್ತು ಮಂದಿ ಎಂದು ಸರ್ಕಾರ ಹೇಳಿತು. ಮೂವತ್ತೆರಡು ಮಂದಿ ಎಂಬುದು ಜನರ ಲೆಕ್ಕ. 1919ರ ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದಲ್ಲಿಯೂ ಸರ್ಕಾರದ 379ರ ಲೆಕ್ಕವನ್ನು ಜನರು ಒಪ್ಪಿರಲಿಲ್ಲ. ವಿದುರಾಶ್ವತ್ಥವನ್ನು ಕರ್ನಾಟಕದ ಜಲಿಯನ್‌ವಾಲಾ ಬಾಗ್ ಎಂದು ಕರೆಯುವುದು ರೂಢಿಯಾಗಿದೆ.

ಈ ಘಟನೆಯ ರಾಜಕೀಯ ಪರಿಣಾಮ ಶೀಘ್ರವಾಗಿಯೇ ಕಂಡಿತು. ಗಾಂಧೀಜಿಯವರ ಸೂಚನೆಯಂತೆ ಸರದಾರ ವಲ್ಲಭಭಾಯಿ ಪಟೇಲ್ ಹಾಗೂ ಆಚಾರ್ಯ ಕೃಪಲಾನಿ ಬೆಂಗಳೂರಿಗೆ ಬಂದು ದಿವಾನರೊಡನೆ ಮಾತುಕತೆ ನಡೆಸಿದರು. ಮೇ ತಿಂಗಳಲ್ಲಿ ಏರ್ಪಟ್ಟ ಮಿರ್ಜಾ–ಪಟೇಲ್ ಒಪ್ಪಂದದಿಂದ ಮೈಸೂರು ಕಾಂಗ್ರೆಸ್ಸಿಗೆ ಮಾನ್ಯತೆ ದೊರೆಯಿತು, ಸತ್ಯಾಗ್ರಹಿಗಳ ಬಿಡುಗಡೆಯಾಯಿತು, ಸಂಸ್ಥಾನದ ಧ್ವಜದೊಡನೆ ತ್ರಿವರ್ಣ ಧ್ವಜವನ್ನೂ ಏರಿಸಲು ಅವಕಾಶವಾಯಿತು. ಆದರೂ ಜನರ ಮುಖ್ಯ ಬೇಡಿಕೆಯಾದ ಜವಾಬ್ದಾರಿ ಸರ್ಕಾರ ಅಂದು ಕೈಗೂಡಲಿಲ್ಲ. ಅದಕ್ಕಾಗಿ 1947ರ ಸೆಪ್ಟೆಂಬರಿನಲ್ಲಿ 'ಮೈಸೂರು ಚಲೋ' ಚಳವಳಿ ನಡೆಯಬೇಕಾಯಿತು. ಆ ವರ್ಷ ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು.

ಬಂಧುಗಳೇ, ವಿದುರಾಶ್ವತ್ಥದ ಹೊಣೆಯನ್ನು ಕೇವಲ ಪರಕೀಯರ ಮೇಲೆ ಹೊರಿಸಿ ನಾವು ನಿಶ್ಚಿಂತರಾಗುವಂತಿಲ್ಲ. ಆಜ್ಞೆ ಹೊರಡಿಸಿದ್ದು ದೇಶೀಯ ಆಡಳಿತ; ಪೊಲೀಸರೂ ಸಂಸ್ಥಾನದವರೇ. ರಸ್ತೆ, ವಿದ್ಯುತ್, ಕಾರ್ಖಾನೆಗಳಿಂದ 'ಮಾದರಿ ಸಂಸ್ಥಾನ'ವೆಂದು ಹೆಸರಾಗಿದ್ದ ರಾಜ್ಯವದು. ಅಭಿವೃದ್ಧಿ ಕಾಮಗಾರಿಗಳು ಎಷ್ಟೇ ನಡೆದರೂ ಜನರು ಒಂದೆಡೆ ಸೇರಿ ಮಾತನಾಡುವ ಹಕ್ಕಿಗೆ ಅವು ಬದಲಿಯಾಗಲಾರವು. ಎಂಜಿನಿಯರಿಂಗ್ ಓದಿ ಈ ಸೇವೆಗೆ ಬಂದಿರುವ ನಾನು ಈ ಮಾತನ್ನು ವಿಶೇಷವಾಗಿ ನೆನಪಿಡಬೇಕಾಗಿದೆ.

ಅಂದು ನಿಷೇಧಕ್ಕೊಳಗಾಗಿದ್ದ ಜನರ ಸಭೆಯನ್ನು ಇಂದು ಕನಿಷ್ಠ ಆರು ತಿಂಗಳಿಗೊಮ್ಮೆ ಕರೆಯುವುದು ಕಾನೂನಿನ ಪ್ರಕಾರ ನಮ್ಮ ಕರ್ತವ್ಯವಾಗಿದೆ. ಆದುದರಿಂದ ಗ್ರಾಮಸಭೆಯ ದಿನಾಂಕವನ್ನು ಮುಂಚಿತವಾಗಿ ಡಂಗುರ ಸಾರಿ ತಿಳಿಸೋಣ. ಆಕ್ಷೇಪಣೆ ಎತ್ತುವವರನ್ನು ಸಭೆಗೆ ಅಡ್ಡಿಯೆಂದು ಭಾವಿಸದೆ ಅವರ ಮಾತನ್ನು ನಡಾವಳಿಯಲ್ಲಿ ಯಥಾವತ್ತಾಗಿ ಬರೆಯೋಣ. ಹಾಜರಿದ್ದವರ ಸಂಖ್ಯೆಯನ್ನು ಇದ್ದಷ್ಟೇ ನಮೂದಿಸೋಣ; ಸಭೆ ಮುಗಿದ ಮೇಲೆ ಮನೆಮನೆಗೆ ಪುಸ್ತಕ ಕಳುಹಿಸಿ ಸಹಿ ಪಡೆಯುವುದು ಬೇಡ. ಸರ್ಕಾರದ ದಾಖಲೆಯ ಲೆಕ್ಕವೂ ಜನರ ಲೆಕ್ಕವೂ ಒಂದೇ ಆಗಿರುವಂತೆ ನೋಡಿಕೊಳ್ಳುವುದೇ ವಿದುರಾಶ್ವತ್ಥದ ಹುತಾತ್ಮರಿಗೆ ನಮ್ಮ ಕಚೇರಿಗಳಿಂದ ಸಲ್ಲಬೇಕಾದ ಗೌರವ.