ದುಡಿಮೆ, ಗಂಡಸುತನ ಮತ್ತು ಸ್ವಂತ ಬುದ್ಧಿ
(ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನವೆಂಬರ್ ಒಂದರ ಈ ಹಬ್ಬದಲ್ಲಿ ನಾಡುನುಡಿಗಳ ಹಿರಿಮೆಯನ್ನು ಹೇಳಬಲ್ಲವರು ಈ ವೇದಿಕೆಯ ಮೇಲೆ ಬೇಕಾದಷ್ಟು ಮಂದಿ ಇದ್ದಾರೆ. ನಮಗೆ ಕೊಟ್ಟಿರುವ ಹೊತ್ತಿನಲ್ಲಿ ನಾವು ಮನೆಯೊಳಗಿನ ಒಂದು ಮಾತನ್ನು ಹೇಳಬಯಸುತ್ತೇವೆ. ಅದರಲ್ಲಿ ತಪ್ಪೊಪ್ಪಿಗೆಯೂ ಸ್ವಲ್ಪ ಬೆರೆತಿದೆ; ತಾವು ಸಹನೆಯಿಂದ ಕೇಳಬೇಕು.

ನಾವು ಅಹಮದಾಬಾದಿಗೆ ಬಂದಿಳಿದಾಗ ನಮ್ಮ ಟ್ರಂಕಿನಲ್ಲಿ ಎರಡು ಜೊತೆ ಬಟ್ಟೆಯೂ ನಿರಂಜನರ ‘ಚಿರಸ್ಮರಣೆ’ಯೂ ಇದ್ದವು. 1955ರಲ್ಲಿ ಹೊರಬಂದ ಆ ಕಾದಂಬರಿ ಕಾಸರಗೋಡು ಸೀಮೆಯ ಕಯ್ಯೂರಿನ ರೈತರ ಕಥೆ. 1941ರಲ್ಲಿ ಅಲ್ಲಿ ನಡೆದ ಘಟನೆಗಾಗಿ ನಾಲ್ವರು ತರುಣರನ್ನು 1943ರ ಮಾರ್ಚ್ 29ರಂದು ಕಣ್ಣಾನೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ಅದನ್ನೋದಿದ ನಮ್ಮ ಮನಸ್ಸಿನಲ್ಲಿ ಗಂಡಸೆಂದರೆ ಎದೆ ಸೆಟೆಸಿ ನಿಂತವನು ಎಂಬ ಒಂದೇ ಚಿತ್ರ ಉಳಿಯಿತು. ತಪ್ಪು ಪುಸ್ತಕದ್ದಲ್ಲ, ನಮ್ಮ ಓದಿನದು.

ಆ ಹುರುಪಿಗೆ ಅಹಮದಾಬಾದು ತಕ್ಕ ಊರೇ ಆಗಿತ್ತು. 1918ರಲ್ಲಿ ಇಲ್ಲಿನ ಗಿರಣಿ ಕೂಲಿಗಾರರು ನೂರಕ್ಕೆ 35ರಷ್ಟು ಹೆಚ್ಚು ಕೂಲಿ ಕೇಳಿ ಮುಷ್ಕರ ಹೂಡಿದರು. ಅನಸೂಯಾ ಬೆಹನ್ ಕೂಲಿಗಾರರ ಕಡೆ. ಅವರ ತಮ್ಮ ಅಂಬಾಲಾಲ ಸಾರಾಭಾಯಿ ಮಾಲೀಕರ ಕಡೆ. ಗಾಂಧೀಜಿ ಉಪವಾಸ ಕೂತರು. 1920ರಲ್ಲಿ ಮಜೂರ್ ಮಹಾಜನ ಸಂಘ ಹುಟ್ಟಿತು. ವರ್ಗಸಂಘರ್ಷವೆನ್ನದೆ ಪಂಚಾಯಿತಿಯೆನ್ನುವ ಆ ಸಂಘ ಎಡಪಂಥದ ನಮಗೆ ತೀರ ಸಪ್ಪೆಯೆನಿಸುತ್ತಿತ್ತು. ರಾತ್ರಿ ಹನ್ನೊಂದರವರೆಗೆ ಗೆಳೆಯರೊಡನೆ ಅದೇ ಚರ್ಚೆ.

ಆ ಚರ್ಚೆಗೆ ನಾಲ್ಕು ಸಲ ಚಹಾ ಬರುತ್ತಿತ್ತು. ಚಹಾ ಕಾಯಿಸುವ ನಡುವೆ ನಮ್ಮಾಕೆ ಒಬ್ಬ ವ್ಯಾಪಾರಿಗಾಗಿ ಡಜನ್ನಿನ ಲೆಕ್ಕದಲ್ಲಿ ಲಂಗಗಳನ್ನು ಹೊಲಿಯುತ್ತಿದ್ದಳು. ಒಂದು ರಾತ್ರಿ ಗೆಳೆಯರು ಹೋದ ಮೇಲೆ ಅವಳು ಕೇಳಿದಳು: “ರೀ, ಆ ವ್ಯಾಪಾರಿ ಡಜನ್ನಿಗೆ ಕೊಡೋದು ದಾರಕ್ಕೂ ಸಾಲೋದಿಲ್ಲ. ಹೆಚ್ಚು ಕೇಳೋದು ಹೇಗೆ ಅಂತ ನಿಮ್ಮ ಗೆಳೆಯರನ್ನ ಕೇಳಿ ಹೇಳ್ತೀರಾ?” ನಾವು ನಕ್ಕೆವು. “ಮನೇಲಿ ಕೂತು ಹೊಲಿಯೋದೂ ಒಂದು ಕೆಲಸವೇನೆ?” ಎಂದೆವು. ಅವಳು ಮತ್ತೆಂದೂ ಕೇಳಲಿಲ್ಲ.

1972ರಲ್ಲಿ ಇದೇ ಊರಿನಲ್ಲಿ, ಅದೇ ‘ಸಪ್ಪೆ’ ಮಹಾಜನದ ಮಹಿಳಾ ವಿಭಾಗದೊಳಗಿಂದ, ಇಳಾ ಭಟ್ಟರು ‘ಸೇವಾ’ ಸಂಘವನ್ನು ಕಟ್ಟಿದರು. ತಲೆಹೊರೆ ಹೊರುವವರು, ತರಕಾರಿ ಮಾರುವವರು, ಮನೆಯಲ್ಲೇ ಹೊಲಿಯುವವರು ಅದರ ಸದಸ್ಯರು. ಕಾರ್ಮಿಕ ಸಂಘವೆಂದು ನೋಂದಾಯಿಸಲು ಹೋದರೆ ಅಧಿಕಾರಿಗಳು ಮೊದಲು ಒಪ್ಪಲಿಲ್ಲ: ಧಣಿಯೇ ಇಲ್ಲದವರು ಯಾರ ವಿರುದ್ಧ ಸಂಘ ಕಟ್ಟುವುದು ಎಂದು ಅವರ ಆಕ್ಷೇಪಣೆ. ಆ ಸುದ್ದಿಯನ್ನೋದಿ ನಮಗೆ ನಾಚಿಕೆಯಾಯಿತು. ಸರ್ಕಾರ ಆಡಿದ ಮಾತನ್ನು ಕ್ರಾಂತಿಕಾರಿಗಳಾದ ನಾವು ಅದಕ್ಕಿಂತ ಮೊದಲೇ ಆಡಿದ್ದೆವು!

ಮುಂದೆ 1980ರ ದಶಕದಲ್ಲಿ ಇಲ್ಲಿನ ಗಿರಣಿಗಳು ಒಂದೊಂದಾಗಿ ಮುಚ್ಚತೊಡಗಿದವು. ನಾವು ಗುಮಾಸ್ತರಾಗಿದ್ದ ಗಿರಣಿಯೂ ಮುಚ್ಚಿತು. ಗಂಡಸೆಂದರೆ ಗಳಿಸುವವನು ಎಂದು ನಂಬಿದ್ದ ಎಷ್ಟೋ ಜನ ಹೊಸ್ತಿಲ ಮೇಲೆ ಕೂತು ಬೀದಿ ನೋಡಿದರು. ಕೆಲವರು ಕುಡಿತಕ್ಕೆ ಬಿದ್ದರು, ಕೆಲವರು ಹೆಂಡತಿಯ ಮೇಲೆ ಕೈಮಾಡಿದರು. ನಮ್ಮ ಮನೆಯಲ್ಲಿ ಎರಡು ವರ್ಷ ಒಲೆ ಉರಿದದ್ದು ಆ ಲಂಗಗಳಿಂದಲೇ. ನಾವು ಕಾಜಾ ಹೊಲಿಯಲು ಕಲಿತೆವು. ಮೊದಮೊದಲು ಬಾಗಿಲು ಮುಚ್ಚಿಕೊಂಡು ಹೊಲಿಯುತ್ತಿದ್ದೆವು ಎಂಬುದನ್ನೂ ಹೇಳಿಬಿಡಬೇಕು.

ಆ ದಿನಗಳಲ್ಲಿ ನಿರಂಜನರನ್ನು ಮತ್ತೆ ಓದಿದೆವು. ಅವರ ಬಾಳನ್ನೂ ತಿಳಿದೆವು. ಪಾರ್ಶ್ವವಾಯು ಬಡಿದ ಮೇಲೂ ಅವರು ಕೆಲಸ ನಿಲ್ಲಿಸಲಿಲ್ಲ. ಇಪ್ಪತ್ತೈದು ಸಂಪುಟಗಳ ‘ವಿಶ್ವಕಥಾಕೋಶ’ವನ್ನು ಸಂಪಾದಿಸಿ ಕನ್ನಡಕ್ಕೆ ಕೊಟ್ಟರು. ಮಡದಿ ಅನುಪಮಾ ನಿರಂಜನ ವೈದ್ಯೆ. ಅವರೂ ಕಾದಂಬರಿಗಾರ್ತಿ, ಹೆಂಗಸರ ಆರೋಗ್ಯದ ಬಗ್ಗೆ ಯಾರೂ ಬಾಯಿಬಿಡದ ಕಾಲದಲ್ಲಿ ತಿಳಿಗನ್ನಡದಲ್ಲಿ ಬರೆದವರು. ಒಂದೇ ಸೂರಿನ ಕೆಳಗೆ ಎರಡು ಲೇಖನಿಗಳು. ಪರರ ಆಸರೆ ಬೇಕಾದ ದೇಹದಲ್ಲಿಯೂ ಸ್ವಂತ ಬುದ್ಧಿಯನ್ನು ಒತ್ತೆಯಿಡದೆ ದುಡಿದ ಆ ಮನುಷ್ಯನಲ್ಲಿ ನಮಗೆ ಗಂಡಸುತನದ ಇನ್ನೊಂದು ಚಿತ್ರ ಕಂಡಿತು. ಗಲ್ಲಿನ ಮುಂದೆ ನಿಲ್ಲುವ ಧೈರ್ಯ ದೊಡ್ಡದು. ನೆರವನ್ನು ನಾಚದೆ ಪಡೆದು, ಪಡೆದೆನೆಂದು ಬಾಯಿಬಿಟ್ಟು ಹೇಳುವ ಧೈರ್ಯವೂ ಚಿಕ್ಕದಲ್ಲ.

ಸ್ವತಂತ್ರವಾಗಿ ಯೋಚಿಸುತ್ತೇವೆಂದು ಹೆಮ್ಮೆಪಡುವ ನಾವು ಗಂಡಸರು ಒಂದು ಲೆಕ್ಕ ಹಾಕಬೇಕು. ಪಕ್ಷ ಹೇಳಿದ್ದನ್ನು ಪ್ರಶ್ನಿಸಿದೆವು, ಮಾಲೀಕ ಹೇಳಿದ್ದನ್ನೂ ಪ್ರಶ್ನಿಸಿದೆವು. ಆ ಪ್ರಶ್ನೆಗಳಿಗೆ ಬೇಕಾದ ಬಿಡುವನ್ನು ನಮಗೆ ಗಳಿಸಿಕೊಟ್ಟವರು ಯಾರು? ವಡೋದರೆಯಿಂದ ಬಂದಿರುವ ಮಿತ್ರರು ತಮ್ಮ ಓದುಕೂಟಗಳಲ್ಲಿ ಇದನ್ನು ಕೇಳಿಕೊಳ್ಳಲಿ. ಸೂರತ್ತಿನ ಎಷ್ಟೋ ಮನೆಗಳಲ್ಲಿ ಹೆಂಗಸರು ಸೀರೆಗೆ ಲೇಸು, ಹರಳು ಹಚ್ಚುತ್ತಾರೆ. ಅವರ ಕೂಲಿಯೆಷ್ಟು, ಕಣ್ಣು ಹೇಗಿದೆ ಎಂದು ಅಲ್ಲಿನ ಮಿತ್ರರು ವಿಚಾರಿಸಲಿ. ಇಂದಿನ ಊಟದ ಎಲೆ ತೆಗೆಯಲು ಈ ವೇದಿಕೆಯ ಮೇಲಿರುವವರೇ ಮೊದಲು ಏಳೋಣ.

ನಮ್ಮಾಕೆ ಈ ಸಭೆಯಲ್ಲಿಯೇ ಕೂತಿದ್ದಾಳೆ. ಅವಳು ಅಂದು ಕೇಳಿದ ಪ್ರಶ್ನೆಗೆ ತಮ್ಮೆಲ್ಲರ ಮುಂದೆ ಉತ್ತರ ಹೇಳಿ ಮುಗಿಸುತ್ತೇವೆ: ಅದೂ ಕೆಲಸವೇ. ತಡವಾಯಿತು, ಕ್ಷಮಿಸು.