ಮನೆಯ ಸೌದೆಗೆ ಎಂಥ ಚೈನ್ ಗರಗಸ?



ಮಲೆನಾಡಿನ ಮನೆಗಳಿಗೆ ಅಡುಗೆ ಅನಿಲ ಬಂದಿದ್ದರೂ ಸೌದೆಯ ಖರ್ಚು ನಿಂತಿಲ್ಲ. ಬಚ್ಚಲೊಲೆಗೆ ದಿನವೂ ಸೌದೆ ಬೇಕು. ಅಡಿಕೆ ಬೇಯಿಸುವ ಕಾಲಕ್ಕೆ ರಾಶಿಯೇ ಬೇಕು. ಕೊಡಲಿ ಹಿಡಿಯುವ ಆಳುಗಳು ಸಿಗುವುದು ಕಷ್ಟವಾಗಿರುವುದರಿಂದ ಅನೇಕ ರೈತರು ಸ್ವಂತಕ್ಕೆ ಚೈನ್ ಗರಗಸ ಕೊಳ್ಳುತ್ತಿದ್ದಾರೆ. ಆದರೆ ದೊಡ್ಡ ಯಂತ್ರವೇ ಒಳ್ಳೆಯದೆಂದು ತಿಳಿದು ಕೊಂಡವರು ಹಣವನ್ನಷ್ಟೇ ಅಲ್ಲ, ಕೆಲವೊಮ್ಮೆ ಕೈಕಾಲನ್ನೂ ಕಳೆದುಕೊಳ್ಳುವ ಸಂಭವವಿದೆ.

ಅಳತೆ ಹೇಗೆ?

ಮೊದಲು ನೋಡಬೇಕಾದುದು ಸೌದೆಯ ದಪ್ಪ. ಸರಪಳಿ ಸುತ್ತುವ ಪಟ್ಟಿಗೆ 'ಬಾರ್' ಎನ್ನುತ್ತಾರೆ. ಸಾಮಾನ್ಯವಾಗಿ ಕೊಯ್ಯುವ ದಿಮ್ಮಿಗಿಂತ ಬಾರ್ ಎರಡು ಅಂಗುಲ ಉದ್ದವಿದ್ದರೆ ಸಾಕು. ಮನೆಯ ಸೌದೆ ಬಹುಮಟ್ಟಿಗೆ ಒಂದು ಅಡಿಯೊಳಗಿನ ದಪ್ಪದ್ದು. ಆದುದರಿಂದ 14ರಿಂದ 16 ಅಂಗುಲದ ಬಾರ್, 35ರಿಂದ 45 ಸಿ.ಸಿ. ಎಂಜಿನ್ ಸೂಕ್ತ. ಇದಕ್ಕೂ ದೊಡ್ಡ ಯಂತ್ರದ ಭಾರ ಹೆಚ್ಚು. ಕೈ ಸೋತಾಗ ಹಿಡಿತ ತಪ್ಪುತ್ತದೆ. ಅಪಘಾತಗಳಿಗೆ ಅದೇ ದಾರಿ.

ಪೆಟ್ರೋಲೋ, ವಿದ್ಯುತ್ತೋ?

ಸೌದೆ ಕೊಟ್ಟಿಗೆಯ ಪಕ್ಕದಲ್ಲೇ ಕೊಯ್ಯುವವರಿಗೆ 2,000 ವ್ಯಾಟ್‌ನ ವಿದ್ಯುತ್ ಗರಗಸ ಸಾಕು. ಅದಕ್ಕೆ ದಪ್ಪ ತಂತಿಯ ಕೇಬಲ್ ಮತ್ತು ಸರಿಯಾದ ಅರ್ಥಿಂಗ್ ಅವಶ್ಯ, ಮಳೆಯಲ್ಲಿ ಬಳಸಲೇಬಾರದು. ಬ್ಯಾಟರಿಯದು ಗೆಲ್ಲು ಸವರಲು ಅನುಕೂಲ. ತೋಟದೊಳಗೆ ಬಿದ್ದ ಮರ ಕೊಯ್ಯುವವರಿಗೆ ಪೆಟ್ರೋಲಿನದೇ ಬೇಕು. ವರ್ಷಕ್ಕೆ ಎರಡು ದಿನದ ಕೆಲಸವಷ್ಟೇ ಇರುವವರು ಬಾಡಿಗೆಗೆ ತರುವುದು ಲಾಭಕರ.

ಅಂಗಡಿಯಲ್ಲಿ ಪರೀಕ್ಷಿಸಬೇಕಾದುವು

1. ಚೈನ್ ಬ್ರೇಕ್: ಬಾರಿನ ತುದಿಯ ಮೇಲ್ಭಾಗ ಮರಕ್ಕೆ ತಗುಲಿದರೆ ಗರಗಸ ಕಣ್ಣುಮುಚ್ಚುವಷ್ಟರಲ್ಲಿ ಮುಖದತ್ತ ಎಗರುತ್ತದೆ. ಆಗ ಸರಪಳಿಯನ್ನು ನಿಲ್ಲಿಸುವುದು ಈ ಬ್ರೇಕು. ಇದಿಲ್ಲದ ಯಂತ್ರ ಎಷ್ಟು ಅಗ್ಗವಾದರೂ ಬೇಡ.

2. ಆಕಸ್ಮಿಕವಾಗಿ ಒತ್ತಿಹೋಗದಂತೆ ತಡೆಯುವ ಥ್ರಾಟಲ್ ಲಾಕ್, ಹರಿದ ಸರಪಳಿಯನ್ನು ಹಿಡಿಯುವ ಕೊಕ್ಕೆ.

3. ಸರಪಳಿ, ಪ್ಲಗ್, ಫಿಲ್ಟರ್ ಸಮೀಪದ ಪೇಟೆಯಲ್ಲೇ ದೊರೆಯುವುವೇ, ದುರಸ್ತಿ ಮಾಡುವವರಿದ್ದಾರೆಯೇ ಎಂಬುದು.

ಬಳಕೆಯಲ್ಲಿ ಎಚ್ಚರ

ಎರಡು ಸ್ಟ್ರೋಕ್ ಎಂಜಿನ್ನಿಗೆ ಬರಿಯ ಪೆಟ್ರೋಲ್ ಹಾಕಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ತಯಾರಕರು 50:1 ಎಂದಿದ್ದರೆ ಲೀಟರಿಗೆ 20 ಮಿ.ಲೀ., 25:1 ಎಂದಿದ್ದರೆ 40 ಮಿ.ಲೀ. ಟು-ಸ್ಟ್ರೋಕ್ ಎಣ್ಣೆ ಬೆರೆಸಬೇಕು. ಪೆಟ್ರೋಲ್ ತುಂಬಿಸಿದಾಗಲೆಲ್ಲ ಸರಪಳಿಯ ಎಣ್ಣೆಯನ್ನೂ ತುಂಬಿಸಬೇಕು. ಎಂಜಿನ್ ಆರುವ ಮುನ್ನ ಪೆಟ್ರೋಲ್ ಹಾಕಬಾರದು.

ಚಕ್ಕೆಯ ಬದಲು ಹಿಟ್ಟಿನಂತಹ ಪುಡಿ ಉದುರತೊಡಗಿದರೆ ಹಲ್ಲು ಮೊಂಡಾಗಿದೆ ಎಂದರ್ಥ. ದುಂಡು ಅರದಿಂದ ಹರಿತ ಮಾಡಬೇಕು. ಮೊಂಡು ಸರಪಳಿಯನ್ನು ಒತ್ತಿ ಕೊಯ್ಯುವುದು ಅಪಾಯ. ಮಣ್ಣು ತಾಗದಂತೆ ದಿಮ್ಮಿಯನ್ನು ಅಡ್ಡಮರದ ಮೇಲಿಡುವುದು ಒಳ್ಳೆಯದು. ಗರಗಸವನ್ನು ಭುಜದಿಂದ ಮೇಲೆತ್ತಬಾರದು. ಒಂದೇ ಕೈಯಲ್ಲಿ ಹಿಡಿಯಬಾರದು. ಏಣಿಯ ಮೇಲೆ ನಿಂತು ಬಳಸಬಾರದು. ಲುಂಗಿ, ಪಂಚೆ ಸುತ್ತಿಕೊಂಡು ಕೊಯ್ಯುವುದು ಸಲ್ಲದು. ಗಟ್ಟಿ ಪ್ಯಾಂಟು, ಬೂಟು, ಕನ್ನಡಕ, ಹೆಲ್ಮೆಟ್ ಬೇಕು. ಪೆಟ್ರೋಲ್ ಗರಗಸದ ಸದ್ದು 100 ಡೆಸಿಬೆಲ್ ಮೀರುವುದರಿಂದ ಕಿವಿಗೂ ರಕ್ಷಣೆ ಬೇಕು. ಹತ್ತಿರದಲ್ಲಿ ಮಕ್ಕಳಿರಬಾರದು, ಆದರೆ ಕೂಗಿದರೆ ಕೇಳುವಷ್ಟು ದೂರದಲ್ಲಿ ದೊಡ್ಡವರೊಬ್ಬರು ಇರಲೇಬೇಕು.

ಕಾಯ್ದೆಯ ಮಾತು

ಗರಗಸ ತಮ್ಮದೆಂದು ಮರವೆಲ್ಲವನ್ನೂ ಕಡಿಯುವಂತಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಜಮೀನಿನ ಮರಕ್ಕೂ ಅನುಮತಿ ಬೇಕು. ಕೆಲವು ಜಾತಿಗಳಿಗೆ ವಿನಾಯಿತಿ ಉಂಟು. ವಲಯ ಅರಣ್ಯ ಕಚೇರಿಯಲ್ಲಿ ಮೊದಲೇ ವಿಚಾರಿಸುವುದು ಕ್ಷೇಮ.

ಹಸಿಮರವನ್ನು ಬೇಸಿಗೆಯ ಮೊದಲೇ ತುಂಡರಿಸಿ, ಸೀಳಿ, ಗಾಳಿಯಾಡುವಂತೆ ಒಟ್ಟಿದರೆ ಮಳೆಗಾಲಕ್ಕೆ ಒಣಸೌದೆ ಸಿದ್ಧ. ಒಣಸೌದೆ ಹೆಚ್ಚು ಹೊಗೆಯಿಲ್ಲದೆ ಉರಿಯುತ್ತದೆ. ಹೆಚ್ಚು ಕಾವು ಕೊಡುತ್ತದೆ. ಕೊಯ್ಯಬೇಕಾದ ಸೌದೆಯೂ ಕಡಿಮೆಯಾಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತಿನಂತೆ, ಸೌದೆ ಇರುವಷ್ಟಕ್ಕೆ ಗರಗಸ ಆರಿಸಿದ ಮನೆಯಲ್ಲಿ ಒಲೆಯೂ ಉರಿಯುತ್ತದೆ, ದುಡಿಯುವ ಕೈಯೂ ಉಳಿಯುತ್ತದೆ.